ಬೆರೆಟ್ಟಾ 1934: ಉಕ್ಕಿನಲ್ಲಿ ಅಚ್ಚಾದ ಕಾಲ

ಇಟಲಿಯ ಬ್ರೆಶ್ಯಾ ನಗರದ ಉತ್ತರಕ್ಕಿರುವ ಟ್ರೋಂಪಿಯಾ ಕಣಿವೆಯ ಗಾರ್ದೋನೆ ಎಂಬ ಊರಿನಲ್ಲಿ ಕೋವಿಯ ನಳಿಗೆಗಳನ್ನು ಮಾಡುವ ಕಸುಬು ನಮ್ಮ ಕೃಷ್ಣದೇವರಾಯನ ಕಾಲದಲ್ಲಿಯೇ ನೆಲೆಗೊಂಡಿತ್ತು. ಆ ಊರಿನ ಬಾರ್ತೊಲೊಮಿಯೊ ಬೆರೆಟ್ಟಾ ಎಂಬ ಕುಶಲಕರ್ಮಿಯು ವೆನಿಸ್ಸಿನ ಶಸ್ತ್ರಾಗಾರಕ್ಕೆ 185 ನಳಿಗೆಗಳನ್ನು ಒದಗಿಸಿ 296 ಡುಕಾಟುಗಳನ್ನು ಪಡೆದುದಕ್ಕೆ 1526ರ ಲಿಖಿತ ಸಾಕ್ಷ್ಯವಿದೆ. ನಾಲ್ಕು ಶತಮಾನಗಳ ತರುವಾಯ ಅದೇ ಮನೆತನದ ಕಾರ್ಖಾನೆಯಲ್ಲಿ, ಟುಲಿಯೊ ಮಾರೆಂಗೋನಿ ಎಂಬ ವಿನ್ಯಾಸಕಾರನ ಪ್ರತಿಭೆಯಿಂದ ರೂಪುಗೊಂಡ ಚಿಕ್ಕ ಪಿಸ್ತೂಲೇ ಸಂಗ್ರಾಹಕರು ಇಂದಿಗೂ ಅರಸುವ 1934ರ ಮಾದರಿ.

ಉದ್ದ ಸುಮಾರು 15 ಸೆಂಟಿಮೀಟರು, ತೂಕ 660 ಗ್ರಾಮು, ಒಳಗೆ 9 ಮಿಲಿಮೀಟರಿನ ಏಳು ಗಿಡ್ಡ ತೋಟಾಗಳು. ನಳಿಗೆಯನ್ನು ಆವರಿಸಿ ಹಿಂದುಮುಂದಾಗಿ ಸರಿಯುವ ಉಕ್ಕಿನ ಕವಚದ ಮೇಲ್ಭಾಗವನ್ನು ತೆರೆದೇ ಬಿಟ್ಟಿರುವುದು ಈ ಮನೆತನದ ಮುದ್ರೆಯೆನ್ನಬೇಕು. ಗುಂಡು ಹಾರಿದ ರಭಸದಿಂದ ಕವಚವು ಹಿಂದಕ್ಕೆ ಸರಿದಾಗ ಖಾಲಿ ತೋಟಾ ಅಡಚಣೆಯಿಲ್ಲದೆ ಹೊರಚಿಮ್ಮುವುದಕ್ಕೆ ಆ ತೆರಪು ಅನುಕೂಲ. ಮ್ಯಾಗಜೀನಿನ ಅಡಿಯಲ್ಲಿ ಕಿರುಬೆರಳು ಊರುವುದಕ್ಕೆಂದು ಮುಂಚಾಚಿದ ಕೊಕ್ಕೆಯೊಂದಿದೆ. ಬಿಡಿಭಾಗಗಳು ಕೆಲವೇ ಆದುದರಿಂದ ಧೂಳಿನಲ್ಲಿಯೂ ಕೆಡದ ದೃಢತೆ ಇದಕ್ಕೆ ಸಿದ್ಧಿಸಿತು.

ಆದರೆ ಬಲ್ಲವನ ದೃಷ್ಟಿ ಮೊದಲು ಹರಿಯುವುದು ಇದರ ಮೈಮೇಲಣ ಅಕ್ಷರಗಳತ್ತ. 1922ರ ಅಕ್ಟೋಬರಿನಲ್ಲಿ ಅಧಿಕಾರವನ್ನು ಕೈಗೊಂಡ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷವು ಆ ದಿನಗಳನ್ನೇ ಆರಂಭವೆಂದಿಟ್ಟುಕೊಂಡು ಹೊಸ ಶಕೆಯೊಂದನ್ನು ಎಣಿಸತೊಡಗಿತು; ಅದರ ವರ್ಷವನ್ನು ರೋಮನ್ ಅಂಕಿಗಳಲ್ಲಿ, ಕ್ರಿಸ್ತಶಕದ ವರ್ಷದೊಡನೆ, ಉಕ್ಕಿನ ಮೇಲೆ ಅಚ್ಚೊತ್ತಲಾಗುತ್ತಿತ್ತು. ಕಿರೀಟದ ಕೆಳಗೆ ಆರ್ ಮತ್ತು ಇ ಎಂಬ ಅಕ್ಷರಗಳಿದ್ದರೆ ಅದು ಅರಸೊತ್ತಿಗೆಯ ಭೂಸೇನೆಯದು. ಒಂದು ಪ್ರಭುತ್ವದ ಅಹಂಕಾರವು ಕಾಲವನ್ನೇ ತನ್ನ ಹೆಸರಿಗೆ ಬರೆಸಿಕೊಳ್ಳಲು ಹೊರಟುದಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾಸನವನ್ನು ನಾನು ಕಾಣೆ. ಆ ಶಕೆಯೋ, 1943ರಲ್ಲಿ ಮುಸೊಲಿನಿ ಪದಚ್ಯುತನಾದ ಮೇಲೆ ಬಹುಕಾಲ ಬಾಳಲಿಲ್ಲ. ಪಿಸ್ತೂಲು ಮಾತ್ರ 1991ರವರೆಗೂ ತಯಾರಾಗುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕ, ಎರಿಟ್ರಿಯ, ಅಬಿಸೀನಿಯಗಳ ರಣರಂಗಗಳಲ್ಲಿ ಭಾರತೀಯ ಪಡೆಗಳು ಇಟಲಿಯ ಸೇನೆಯನ್ನು ಎದುರಿಸಿದವು. ಸೆರೆಸಿಕ್ಕವರಲ್ಲಿ ಸಹಸ್ರಾರು ಮಂದಿ ಸಮುದ್ರ ದಾಟಿ ಬಂದು ಬೆಂಗಳೂರಿನ ಸುತ್ತಣ ಶಿಬಿರಗಳಲ್ಲಿಯೂ ವರ್ಷಗಳನ್ನು ಕಳೆದರು. ಅವರ ಅಧಿಕಾರಿಗಳ ಸೊಂಟದಲ್ಲಿದ್ದ ಈ ಆಯುಧವು ಗೆದ್ದವರಿಗೆ ಪ್ರಿಯವಾದ ಸ್ಮರಣಿಕೆಯಾಗಿತ್ತು. ಹಾಗೆ ಅಬಿಸೀನಿಯದಿಂದ ಗ್ವಾಲಿಯರಿಗೆ ಬಂದುದೆಂದು ಹೇಳಲಾಗುವ, 606824 ಎಂಬ ಸಂಖ್ಯೆಯನ್ನು ಹೊತ್ತ ಒಂದು ಬೆರೆಟ್ಟಾ, 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಸಭೆಯಲ್ಲಿ ಮಹಾತ್ಮಾ ಗಾಂಧಿಯವರ ಎದೆ ಹೊಟ್ಟೆಗಳಿಗೆ ಮೂರು ಗುಂಡುಗಳನ್ನು ನೆಟ್ಟಿತು. ಈ ಸಂಗತಿಯನ್ನು ಬದಿಗಿರಿಸಿ ಕೇವಲ ಕೌಶಲವನ್ನು ಹೊಗಳುವುದು ಭಾರತೀಯನಾದವನಿಗೆ ಸಾಧ್ಯವಿಲ್ಲ, ಸಾಧ್ಯವಾಗಲೂ ಬಾರದು.

ಚೆನ್ನೈಯಲ್ಲಿ ನೆಲೆಸಿದ ಸಂಗ್ರಾಹಕನಿಗೆ, ದೇಶದ ಇತರೆಡೆಯವನಿಗೆ ಹೇಗೋ ಹಾಗೆಯೇ, 1959ರ ಶಸ್ತ್ರಾಸ್ತ್ರ ಕಾಯಿದೆಯ ಕಟ್ಟು ಉಂಟು. ಪುರಾತನವೆಂಬ ಕಾರಣಕ್ಕೆ ಆ ಕಾಯಿದೆ ನೀಡುವ ವಿನಾಯಿತಿಯು ದುರಸ್ತಿ ಮಾಡಿದರೂ ಕೋವಿಯಾಗಿ ಬಳಕೆಗೆ ಬಾರದಂಥ ಆಯುಧಕ್ಕೆ ಮಾತ್ರ. ಗುಂಡು ಹಾರಿಸಬಲ್ಲ ಬೆರೆಟ್ಟಾ ಎಷ್ಟು ಹಳೆಯದಾದರೂ ಪರವಾನಗಿಯನ್ನು ಬೇಡುತ್ತದೆ, ಮತ್ತು 2019ರ ತಿದ್ದುಪಡಿಯ ಪ್ರಕಾರ ಪರವಾನಗಿದಾರನು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ. ಕಟ್ಟುನಿಟ್ಟು ಹಿತವೇ ಎಂದು ನನ್ನ ಭಾವನೆ. ಇಂಥ ಆಯುಧಗಳಿಗೆ ತಕ್ಕ ತಾಣ ವಸ್ತುಸಂಗ್ರಹಾಲಯವೇ. ಗಾಂಧೀಜಿ ಅಳಿದ ಆ 1948ರಲ್ಲಿಯೇ ಚೆನ್ನೈಯ ಸಂತ ಜಾರ್ಜ್ ಕೋಟೆಯೊಳಗೆ, ಹಿಂದೆ ಮದರಾಸು ಬ್ಯಾಂಕಿದ್ದ 1795ರ ಕಟ್ಟಡದಲ್ಲಿ, ವಸ್ತುಸಂಗ್ರಹಾಲಯವೊಂದು ತೆರೆಯಿತು; ಈಸ್ಟ್ ಇಂಡಿಯಾ ಕಂಪನಿಯ ಕಾಲದ ಕತ್ತಿ, ಕೋವಿ, ಪಿಸ್ತೂಲುಗಳನ್ನು ಅಲ್ಲಿ ಕಾಣಬಹುದು. ಅಜ್ಜನ ಸೈನ್ಯದ ಪೆಟ್ಟಿಗೆಯಲ್ಲಿ ಇಂಥ ಇಟಲಿಯ ಪಿಸ್ತೂಲನ್ನು ಕಂಡವರು ಮೊದಲು ಪೊಲೀಸು ಠಾಣೆಗೆ ತಿಳಿಸಿ, ಕಾನೂನಿನ ವಿಧಿ ಮುಗಿದ ಬಳಿಕ ಅದನ್ನು ನಿಷ್ಕ್ರಿಯಗೊಳಿಸಿ ಅಂತಹ ಸಂಸ್ಥೆಗೆ ಒಪ್ಪಿಸುವುದು ಲೇಸು. ಜತೆಗಿಡುವ ಫಲಕದಲ್ಲಿ ಎರಡೂ ಶಕೆಗಳ ವರ್ಷ, ಸೇನೆಯ ಮುದ್ರೆ, ತಂದ ಸೈನಿಕನ ಪಡೆ, ತಂದ ರಣರಂಗ, ಇಷ್ಟನ್ನು ತಪ್ಪದೆ ಬರೆಯಿಸಬೇಕು.