ಫಾರ್ಮ್ ತುಂಬಿದೆ, ಸಹಿ ಹಾಕಲಿಲ್ಲ: ಸಿಕ್ಕಿಬಿದ್ದೆನೇ?

ಫ್ಲ್ಯಾಟ್ ಕೈಸೇರಿದ್ದೇ ಮೂರು ವರ್ಷ ತಡವಾಗಿ. ಬಿಲ್ಡರ್ ಮೇಲೆ ಎಲ್ಲರೂ ಸೇರಿ ಗ್ರಾಹಕ ಆಯೋಗಕ್ಕೆ ಹೋಗೋಣ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮಾತಾಗುತ್ತದೆ. ನೀವೂ ಫಾರ್ಮ್ ತುಂಬುತ್ತೀರಿ, ಅಗ್ರಿಮೆಂಟ್ ಪ್ರತಿ ಕಳಿಸುತ್ತೀರಿ. ವಕಾಲತ್ತಿಗೆ ಸಹಿ ಹಾಕುವ ಭಾನುವಾರ ಮಾತ್ರ ಊರಲ್ಲಿರುವುದಿಲ್ಲ. ಆಮೇಲೆ ಒಂದೊಂದೇ ಅನುಮಾನ ಶುರು.

ತಪ್ಪು ಕಲ್ಪನೆ: ಕೇಸು ಸೋತರೆ ಬಿಲ್ಡರ್‌ನ ಖರ್ಚು ನನ್ನ ತಲೆಗೆ.

ಸತ್ಯ: ಜಂಟಿ ದೂರಿನಲ್ಲಿ ಹೆಸರೇ ಇಲ್ಲದವರ ಮೇಲೆ ಖರ್ಚು ಹೊರಿಸಲು ಬರುವುದಿಲ್ಲ. ಫಾರ್ಮ್ ತುಂಬಿದ್ದು ‘ನನಗೂ ಮನಸ್ಸಿದೆ’ ಎಂದಷ್ಟೇ ಹೇಳುತ್ತದೆ. ನಿಮ್ಮ ಪರ ನಿಲ್ಲುವ ಅಧಿಕಾರ ವಕೀಲರಿಗೆ ಬರುವುದು ವಕಾಲತ್ತಿನಿಂದ.

ತಪ್ಪು ಕಲ್ಪನೆ: ಗೆದ್ದರೆ ವಕೀಲರಿಗೆ ಪಾಲು ಕೊಡಬೇಕು.

ಸತ್ಯ: ಇದು ಅಮೆರಿಕದ ಸುದ್ದಿ ಓದಿ ಹುಟ್ಟಿದ ಭಯ. ಗೆಲುವಿನ ಮೇಲೆ ಫೀಸು ನಿಗದಿ ಮಾಡುವುದನ್ನೂ, ಬಂದ ಹಣದಲ್ಲಿ ಪಾಲು ಕೇಳುವುದನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದರೆ ‘ನನ್ನ ಪಾಲಿನ ಫೀಸು ಕೊಡುತ್ತೇನೆ’ ಎಂದು ಸಂಘಕ್ಕೆ ಬರೆದುಕೊಟ್ಟಿದ್ದರೆ ಆ ಕಾಗದವನ್ನೊಮ್ಮೆ ತೆಗೆದು ಓದಿ. ಅದು ನಿಮ್ಮ ಮತ್ತು ನೆರೆಮನೆಯವರ ನಡುವಿನ ಲೆಕ್ಕ.

ತಪ್ಪು ಕಲ್ಪನೆ: ಸಹಿ ಹಾಕಿದರೆ ಹೊರಬರುವಂತಿಲ್ಲ.

ಸತ್ಯ: ಬರಬಹುದು. ದೂರು ದಾಖಲಾಗುವ ಮುಂಚೆಯಾದರೆ ವಕೀಲರಿಗೊಂದು ಪತ್ರ, ಆಮೇಲಾದರೆ ಆಯೋಗಕ್ಕೊಂದು ಅರ್ಜಿ.

ತಪ್ಪು ಕಲ್ಪನೆ: ಅರ್ಧವಾದರೂ ಸೇರಿದ್ದೇನಲ್ಲ, ಅವರು ಗೆದ್ದರೆ ನನಗೂ ಸಿಗುತ್ತದೆ.

ಸತ್ಯ: ನಿಜಕ್ಕೂ ಹೆದರಬೇಕಾದದ್ದು ಇದಕ್ಕೆ, ಆದರೆ ಇದಕ್ಕೆ ಯಾರೂ ಹೆದರುವುದಿಲ್ಲ. ಗುಂಪಾಗಿ ಹೋಗಲು ಎರಡು ದಾರಿ. ಒಂದು ಜಂಟಿ ದೂರು: ಹೆಸರಿದ್ದವರಿಗಷ್ಟೇ ಲಾಭ, ಅವರಿಗಷ್ಟೇ ನಷ್ಟ. ಇನ್ನೊಂದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಆಯೋಗದ ಅನುಮತಿ ಪಡೆದು, ಒಂದೇ ಹಿತಾಸಕ್ತಿಯ ಎಲ್ಲ ಗ್ರಾಹಕರ ಪರವಾಗಿ ಕೆಲವರೇ ಸಲ್ಲಿಸುವ ದೂರು. ಇಲ್ಲಿ ಎಲ್ಲರಿಗೂ ನೋಟಿಸ್ ಹೋಗಬೇಕು. ಆದೇಶ ಬಂದರೆ ಸಹಿ ಹಾಕದವರಿಗೂ ಅನ್ವಯ, ಸೋತರೂ ಸಹ. ನಿಮ್ಮ ಗುಂಪು ಯಾವ ದಾರಿ ಹಿಡಿದಿದೆ ಎಂಬುದು ಗೊತ್ತಿರಲೇಬೇಕು. ಬೆಂಗಳೂರಿನ ಒಂದು ವಸತಿ ಸಮುಚ್ಚಯದಲ್ಲಿ ಸುಮಾರು 1,134 ಫ್ಲ್ಯಾಟ್‌ಗಳಿದ್ದವು. 51 ಫ್ಲ್ಯಾಟ್‌ಗಳ 91 ಖರೀದಿದಾರರು ಎಲ್ಲರ ಪರವಾಗಿ ದೂರು ಕೊಟ್ಟರು. ಎಲ್ಲರ ಹಿತಾಸಕ್ತಿ ಒಂದೇ ಎಂಬುದಕ್ಕೆ ಬೇಕಾದ ವಿವರ ದೂರಿನಲ್ಲಿಲ್ಲ, ಆದ್ದರಿಂದ ಅದನ್ನು ಆ 91 ಮಂದಿಯ ಜಂಟಿ ದೂರೆಂದಷ್ಟೇ ನಡೆಸಬಹುದು ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಳಿದವರು ದೂರಿನ ಹೊರಗಾದರು.

ಹೊರಗಿರುವವರಿಗೆ ಗಡಿಯಾರ ನಿಲ್ಲುವುದಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗದ ಮೆಟ್ಟಿಲು ಹತ್ತಬೇಕು. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುತ್ತಾರೆ. ‘ಗ್ರೂಪಿನಲ್ಲಿ ಫಾರ್ಮ್ ತುಂಬಿದ್ದೆ ಸ್ವಾಮಿ’ ಎಂಬುದು ಅಂಥ ಕಾರಣವಾದೀತೆಂದು ನನಗಂತೂ ಅನಿಸುವುದಿಲ್ಲ. ತಡವಾಗಿ ಎಚ್ಚೆತ್ತರೆ ಒಬ್ಬರೇ ಹೋಗುವುದೂ ಅಂಥ ದುಬಾರಿಯಲ್ಲ: ಫ್ಲ್ಯಾಟಿಗೆ ಕೊಟ್ಟ ಹಣ 50 ಲಕ್ಷದಿಂದ 1 ಕೋಟಿಯೊಳಗಿದ್ದರೆ ದೂರಿನ ಶುಲ್ಕ 2,000 ರೂಪಾಯಿ.

ಗ್ರೂಪಿನವರನ್ನು ಇವತ್ತೇ ಕೇಳಿ: ಸಲ್ಲಿಸಿದ ದೂರಿನ ಪ್ರತಿ ಕಳಿಸಿ, ಅದರಲ್ಲಿ ನನ್ನ ಹೆಸರಿದೆಯೇ?