ದೂರವೇ ಬೇರೆ, ಹೊತ್ತೇ ಬೇರೆ

ದಿಲ್ಲಿಯಲ್ಲಿರುವ ನಾವು ಊರಿನ ದೂರವನ್ನು ಹೊತ್ತಿನಲ್ಲಿ ಅಳೆಯುವವರು. ಬೆಂಗಳೂರು ಎಂದರೆ ರೈಲಿನಲ್ಲಿ ಎರಡು ರಾತ್ರಿ. ವಿಮಾನದಲ್ಲಾದರೆ ಸುಮಾರು 1,700 ಕಿಲೋಮೀಟರು, ಮೂರು ಗಂಟೆಯ ಹಾದಿ. ಆದರೆ ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿ, ‘ಅಮ್ಮ, ಅಪ್ಪ, ಒಮ್ಮೆ ಬನ್ನಿ’ ಎಂದು ಕರೆದಾಗ ಈ ಲೆಕ್ಕ ತಲೆಕೆಳಗಾಗುತ್ತದೆ.

ಮಕ್ಕಳ ಭೂಗೋಲದ ಮೇಲೆ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ. ಅದು ಯೂರೋಪಿನ ಮೇಲೂ ಹೋಗದು, ಜಪಾನಿನ ಮೇಲೂ ಹೋಗದು; ಉತ್ತರಕ್ಕೇರಿ, ಸೈಬೀರಿಯಾ ದಾಟಿ, ಹಿಮಸಾಗರದ ಮೇಲೆ ಹಾದು ಇಳಿಯುತ್ತದೆ. ಈ ದಾರದ ಅಳತೆ ಸುಮಾರು 12,400 ಕಿಲೋಮೀಟರು. ಆದರೆ ವಿಮಾನಕ್ಕೆ ದಾರದ ಸ್ವಾತಂತ್ರ್ಯವೆಲ್ಲಿ? ಹಿಮಾಲಯ, ಟಿಬೆಟ್ಟಿನ ಎತ್ತರದ ಸೀಮೆ, ದೇಶದೇಶಗಳ ಆಕಾಶದ ಗಡಿ, ಎಲ್ಲವನ್ನೂ ನೋಡಿಕೊಂಡು ಹೋಗಬೇಕು.

2015ರ ಡಿಸೆಂಬರಿನಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಆರಂಭಿಸಿದಾಗ ಅದು ಅಟ್ಲಾಂಟಿಕ್ ಮಾರ್ಗವಾಗಿ ಹೋಗುತ್ತಿತ್ತು; ಸುಮಾರು 13,900 ಕಿಲೋಮೀಟರು. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಮಾರ್ಗ ಹಿಡಿಯಿತು; ಸುಮಾರು 15,300 ಕಿಲೋಮೀಟರು. ಹಾದಿ 1,400 ಕಿಲೋಮೀಟರು ಬೆಳೆಯಿತು, ಪ್ರಯಾಣ ಮಾತ್ರ ಸುಮಾರು ಎರಡು ಗಂಟೆ ತಗ್ಗಿತು! ಹದಿನಾಲ್ಕೂವರೆ ಗಂಟೆಯಲ್ಲಿ ವಿಮಾನ ತಲುಪಿತು.

ಇದು ಗಾಳಿಯ ಕೃಪೆ. ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿಯ ಹೊಳೆಗಳು ಹರಿಯುತ್ತವೆ. ಪೂರ್ವಕ್ಕೆ ಹೋಗುವವರಿಗೆ ಅವು ಬೆನ್ನು ತಟ್ಟುತ್ತವೆ. ಪಶ್ಚಿಮಕ್ಕೆ ಹೋಗುವವರ ಎದೆಗೆ ಒದೆಯುತ್ತವೆ. ಭೂಮಿ ಕೆಳಗೆ ತಿರುಗುವುದರಿಂದ ಪಶ್ಚಿಮಕ್ಕೆ ಬೇಗ ತಲುಪಬೇಕಲ್ಲವೇ ಎಂದು ಕೇಳುವವರುಂಟು. ಇಲ್ಲ, ಭೂಮಿಯೊಡನೆ ಗಾಳಿಯೂ ತಿರುಗುತ್ತದೆ.

ಗಡಿಯಾರದ ತಮಾಷೆ ಇನ್ನೊಂದು. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹನ್ನೆರಡೂವರೆ ಗಂಟೆ ಮುಂದು, ಚಳಿಗಾಲದಲ್ಲಿ ಹದಿಮೂರೂವರೆ. ಬೇಸಿಗೆಯ ಒಂದು ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹದಿನೈದು ಗಂಟೆ ಹಾರಿದರೆ, ಅಲ್ಲಿ ಅದೇ ಭಾನುವಾರ ಬೆಳಗಿನ ಆರೂವರೆ! ಟಿಕೀಟಿನ ಮೇಲಿನ ಗಂಟೆಗಳನ್ನು ಕಳೆದು ನೋಡಿದವರಿಗೆ ಅಮೆರಿಕ ಬೆಂಗಳೂರಿಗಿಂತ ಹತ್ತಿರವೆನಿಸೀತು.

ಆದರೆ ಮಂಡಿ, ಸೊಂಟಗಳಿಗೆ ಗಡಿಯಾರದ ಈ ಜಾಣತನ ತಿಳಿಯದು. ಅವು ಹದಿನೈದು ಗಂಟೆಯನ್ನೂ ಒಂದೊಂದಾಗಿ ಎಣಿಸುತ್ತವೆ. ಆದುದರಿಂದ ಹಿರಿಯರಿಗೆ ಟಿಕೀಟು ಕೊಳ್ಳುವಾಗ ಕಿಲೋಮೀಟರು ಕೇಳಬೇಡಿ, ಕುಳಿತಿರಬೇಕಾದ ಗಂಟೆಗಳನ್ನು ಕೇಳಿ. ಬಹಳ ಹೊತ್ತು ಅಲುಗಾಡದೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಆಗಾಗ ಎದ್ದು ನಡೆಯಲಿ, ನೀರು ಕುಡಿಯಲಿ. ಹೃದಯದ ಕಾಯಿಲೆಯುಳ್ಳವರು ಮೊದಲೇ ವೈದ್ಯರನ್ನು ಕೇಳಲಿ. ಒಂದೇ ಓಟ ಕಷ್ಟವೆನಿಸಿದರೆ ನಡುವೆ ಎಲ್ಲಾದರೂ ಒಂದು ರಾತ್ರಿ ತಂಗಲಿ. ಒಂದು ದಿನ ಹೆಚ್ಚಾದರೂ ಮೈಗೆ ಅದೇ ಹತ್ತಿರದ ದಾರಿ.

ಪೆಸಿಫಿಕ್ ಮೇಲೆ ಹೋಗಿ ಅಟ್ಲಾಂಟಿಕ್ ಮೇಲೆ ಮರಳಿದರೆ ಪೂರ್ತಿ ಭೂಪ್ರದಕ್ಷಿಣೆಯೇ ಆಯಿತು. ಗಣಪತಿ ತಂದೆತಾಯಿಯರನ್ನು ಸುತ್ತಿ ಆ ಪುಣ್ಯ ಗಳಿಸಿದ. ನಮ್ಮ ಕಾಲದ ತಂದೆತಾಯಿಯರು ಮಕ್ಕಳ ಮುಖ ನೋಡಲು ಭೂಮಿಯನ್ನೇ ಸುತ್ತುತ್ತಿದ್ದಾರೆ. ಅವರ ಕಾಲುಗಳ ಯೋಚನೆಯನ್ನು ಮಕ್ಕಳಾದರೂ ಮಾಡಲಿ.