ವೈರ್‌ಲೆಸ್ ಮೈಕ್ ತಗೊಳ್ಳೋ ಮುಂಚೆ ಹಿಂದುಗಡೆಯ ನಂಬರ್ ಓದಿ

ಇವತ್ತು ಮೈಕ್ ವಿಷಯ. ಯಾಕೆ ಅಂತ ಮೊದಲೇ ಹೇಳಿಬಿಡ್ತೀನಿ.

ಡೊಂಬಿವಲಿ ಕಡೆ ಒಂದು ಹಾಲ್‌ನಲ್ಲಿ ಯಕ್ಷಗಾನ. ಸೌಂಡ್ ನೋಡ್ಕೊಳ್ಳೋಕೆ ನನ್ನನ್ನೂ ಕರೆದಿದ್ರು. ಮಧ್ಯಾಹ್ನ ಖಾಲಿ ಹಾಲ್‌ನಲ್ಲಿ ಟೆಸ್ಟ್ ಮಾಡಿದಾಗ ಕಾಲರ್ ಮೈಕ್‌ನದು ಒಂದಿಷ್ಟೂ ತಕರಾರಿಲ್ಲ. ಸಂಜೆ ಜನ ತುಂಬಿದ್ರು. ವೇಷಧಾರಿ ಅರ್ಥ ಹೇಳೋಕೆ ಬಾಯಿ ತೆಗೆದ್ರೆ ಬರೀ ಕರಕರ. ಭಾಗವತರದು ವೈರ್ ಇದ್ದ ಮೈಕ್, ಅದಕ್ಕೇನೂ ಆಗಲಿಲ್ಲ. ಎರಡು ಸಲ ಬ್ಯಾಟರಿ ಬದಲಾಯಿಸಿದ್ವಿ. ಕೊನೆಗೆ ಎಲ್ಲರೂ ಸ್ಟ್ಯಾಂಡ್ ಮೈಕ್ ಎದುರು ನಿಂತೇ ಪ್ರಸಂಗ ಮುಗಿಸಬೇಕಾಯ್ತು. ಕುಣಿಯೋರನ್ನ ಗೂಟಕ್ಕೆ ಕಟ್ಟಿದ ಹಾಗೆ.

ಆಮೇಲೆ ರಿಸೀವರ್ ತಿರುಗಿಸಿ ನೋಡಿದೆ. 700ರ ಸಾಲಿನ ನಂಬರ್!

ನಮ್ಮ ದೇಶದಲ್ಲಿ 703ರಿಂದ 748 ಮೆಗಾಹರ್ಟ್ಸ್ ಅಂದ್ರೆ ಫೋನ್‌ನಿಂದ ಟವರ್ ಕಡೆ ಹೋಗೋ ದಾರಿ. 758ರಿಂದ 803, ಟವರ್‌ನಿಂದ ಫೋನ್ ಕಡೆಗೆ. 2022ರ ಹರಾಜಿನಲ್ಲಿ ಜಿಯೋ ಈ ಬ್ಯಾಂಡ್‌ನಲ್ಲಿ 22 ಸರ್ಕಲ್‌ಗಳಲ್ಲೂ ಜಾಗ ತಗೊಂಡಿದೆ. ಖಾಲಿ ಹಾಲ್‌ನಲ್ಲಿ ಫೋನ್ ಎಷ್ಟಿರುತ್ತೆ ಹೇಳಿ? ನಾಲ್ಕೋ ಐದೋ. ಸಂಜೆ ಪ್ರತಿ ಜೇಬಿನಲ್ಲೂ ಒಂದೊಂದು ಟ್ರಾನ್ಸ್‌ಮಿಟರ್. ಅದಕ್ಕೇ ಮಧ್ಯಾಹ್ನದ ಟೆಸ್ಟ್ ಪಾಸ್, ಸಂಜೆ ಫೇಲ್. ತಪ್ಪು ಫೋನ್‌ನವರದಲ್ಲ, ಆ ಜಾಗದಲ್ಲಿ ಇರೋ ಹಕ್ಕೇ ನಮ್ಮ ಮೈಕ್‌ಗೆ ಇರಲಿಲ್ಲ.

ಅಮೆರಿಕದಲ್ಲಿ 700ರ ಮೈಕ್‌ಗಳನ್ನ 2010ರ ಜೂನ್‌ನಲ್ಲೇ ನಿಲ್ಲಿಸಿದ್ರು. ಹಾಗಾಗಿ ಅಲ್ಲಿಂದ ಬರೋ ಭಾವ ಸೂಟ್‌ಕೇಸ್‌ನಲ್ಲಿ ಹಳೇ ಸೆಟ್ ತಂದ್ರೆ ಖುಷಿಪಡೋ ಮುಂಚೆ ಲೇಬಲ್ ನೋಡಿ.

ಹಾಗಾದ್ರೆ ಲೈಸೆನ್ಸ್ ಇಲ್ಲದೆ ಯಾವುದು ಬಳಸಬಹುದು? ಇದನ್ನ ತೀರ್ಮಾನಿಸೋದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ನಮ್ಮಂಥವರಿಗೆ ಮುಖ್ಯವಾಗಿ ಎರಡು ಜಾಗ. ಒಂದು 865ರ ಬ್ಯಾಂಡ್. 2005ರಲ್ಲಿ 867ರವರೆಗೆ ಬಿಟ್ಟುಕೊಟ್ಟಿದ್ರು, 2021ರಲ್ಲಿ 868ರವರೆಗೆ ಹಿಗ್ಗಿಸಿದ್ರು. ಇಲ್ಲೊಂದು ಗುಂಡಿ ಇದೆ, ಹುಷಾರು. ಯುರೋಪಿನಲ್ಲಿ ಮೈಕ್‌ಗೆ ಲೈಸೆನ್ಸ್ ಬೇಡ ಅನ್ನೋದು 863ರಿಂದ 865. ಡಬ್ಬದ ಮೇಲೆ 'ಲೈಸೆನ್ಸ್ ಫ್ರೀ' ಅಂತ ದೊಡ್ಡದಾಗಿ ಬರೆದಿರುತ್ತೆ, ನಿಜವೇ, ಆದರೆ ಅವರ ಊರಲ್ಲಿ. ಅವರದು ಮುಗಿಯೋ ಕಡೆ ನಮ್ಮದು ಶುರು.

ನಮ್ಮ ಈ ಜಾಗ ಬರೀ 3 ಮೆಗಾಹರ್ಟ್ಸ್. ಮೂರು ಮೈಕ್ ಇಡೋದಾದ್ರೆ ಸಮ ಅಂತರದಲ್ಲಿ ಇಡಬೇಡಿ. 865.2, 865.6, 866.0 ಅಂತ ಇಟ್ರೆ ನೋಡೋಕೆ ಚೆಂದ. ಆದರೆ ಮೊದಲೆರಡು ಬೆರೆತು ಮೂರನೇದೊಂದು ಸಿಗ್ನಲ್ ಹುಟ್ಟಿಸ್ತವೆ: ಎರಡನೇದರ ದುಪ್ಪಟ್ಟಿನಿಂದ ಮೊದಲನೇದನ್ನ ಕಳೀರಿ, ಬರೋದು 866.0. ನೇರ ಮೂರನೇ ಮೈಕ್ ತಲೆ ಮೇಲೆ! ಅದನ್ನ 866.4ಕ್ಕೆ ಸರಿಸಿದ್ರೆ ಈ ರಗಳೆ ತಪ್ಪುತ್ತೆ. ಕಾಗದದಲ್ಲಿ ಎರಡು ನಿಮಿಷದ ಲೆಕ್ಕ.

ಇನ್ನೊಂದು ಜಾಗ 2.4 ಗಿಗಾಹರ್ಟ್ಸ್. ಯೂಟ್ಯೂಬ್‌ನವರು ಶರ್ಟಿಗೆ ಸಿಕ್ಕಿಸೋ ಪುಟ್ಟ ಡಿಜಿಟಲ್ ಮೈಕ್‌ಗಳು ಹೆಚ್ಚಾಗಿ ಇದೇ. ಕಾನೂನಿನ ತಲೆನೋವಿಲ್ಲ, ಗದ್ದಲ ಮಾತ್ರ ಜಾಸ್ತಿ. ನಾವು ರೆಕಾರ್ಡ್ ಮಾಡೋದು ವಾಗ್ಳೆ ಎಸ್ಟೇಟ್‌ನ ಒಂದು ಗಾಲಾದಲ್ಲಿ. ಆಚೆ ಈಚೆ ಎಲ್ಲಾ ಆಫೀಸು, ವರ್ಕ್‌ಶಾಪು. ವೈಫೈ ಲಿಸ್ಟ್ ತೆಗೆದ್ರೆ ಮುಗಿಯೋದೇ ಇಲ್ಲ. ನಮ್ಮ ರೂಟರನ್ನ 5 ಗಿಗಾಹರ್ಟ್ಸ್‌ಗೆ ಹಾಕಿದ್ವಿ, ರಿಸೀವರನ್ನ ಕ್ಯಾಮೆರಾ ಮೇಲೆ, ಮೈಕ್‌ಗೆ ಕಾಣೋ ಹಾಗೆ ಇಟ್ವಿ. ಮನುಷ್ಯನ ಮೈ ಬಹುಪಾಲು ನೀರು, ಈ ಅಲೆಯನ್ನ ಕುಡಿದುಬಿಡುತ್ತೆ. ಮಾತಾಡೋರು ಬೆನ್ನು ತಿರುಗಿಸಿದ್ರೆ ಸಿಗ್ನಲ್ ಹೋಗೋದು ಅದಕ್ಕೇ. ಸಣ್ಣ ರೂಮಿಗೆ ಇದು ಸಾಕು. ನೂರಾರು ಜನರ ಹಾಲ್‌ಗೆ ನಾನಂತೂ ಇದನ್ನ ನೆಚ್ಚಿಕೊಳ್ಳಲ್ಲ.

ಲ್ಯಾಮಿಂಗ್ಟನ್ ರೋಡ್‌ನಲ್ಲಿ ಕೊಳ್ಳುವಾಗ "ರೇಂಜ್ ಎಷ್ಟು ಮೀಟರ್" ಅಂತ ಎಲ್ಲರೂ ಕೇಳ್ತಾರೆ. ನೀವು "ಯಾವ ಫ್ರೀಕ್ವೆನ್ಸಿ, ಇಟಿಎ ಇದೆಯಾ" ಅಂತ ಕೇಳಿ. ಇಟಿಎ ಅಂದ್ರೆ ಡಬ್ಲ್ಯುಪಿಸಿಯ ಸಲಕರಣೆ ಒಪ್ಪಿಗೆ ಪತ್ರ. ಲೈಸೆನ್ಸ್ ಬೇಡದ ಬ್ಯಾಂಡ್ ಆದರೂ ಸಲಕರಣೆಗೆ ಅದು ಬೇಕು. ಅಂಗಡಿಯವರು ಮುಖ ಮುಖ ನೋಡಿದ್ರೆ ಪಕ್ಕದ ಅಂಗಡಿಗೆ ಹೋಗಿ. ವೈರ್ ಮೈಕ್ ಅಲ್ಲೂ ಸಿಗುತ್ತೆ; ತಾಳಮದ್ದಲೆಯಂಥ ಕೂತು ಮಾತಾಡೋ ಕಾರ್ಯಕ್ರಮಕ್ಕೆ ನಾನು ಈಗಲೂ ಅದನ್ನೇ ಹಾಕೋದು.